ಹಲ್ಲುನೋವನ್ನು ಹೇಳಲಾರದವರಿಗೆ ಬೇಕು ನಿತ್ಯದ ಆರೈಕೆ

ಹಲ್ಲು ನೋಯುತ್ತಿದೆ ಎಂದು ಹೇಳಲು ಬಾರದ ವ್ಯಕ್ತಿ ಊಟದ ತಟ್ಟೆಯನ್ನು ದೂಡಬಹುದು, ಕೆನ್ನೆಗೆ ಹೊಡೆದುಕೊಳ್ಳಬಹುದು, ರಾತ್ರಿಯಿಡೀ ನಿದ್ರಿಸದೆ ಕಿರುಚಬಹುದು. ಮನೆಯವರು ಇದನ್ನು ಹಟವೆಂದೋ, ಅಂಗವೈಕಲ್ಯದ ಲಕ್ಷಣವೆಂದೋ ಭಾವಿಸುತ್ತಾರೆ. ಬೌದ್ಧಿಕ ಅಂಗವೈಕಲ್ಯವುಳ್ಳವರ ಹಲ್ಲಿನ ತೊಂದರೆಗಳು ಬಹುಮಟ್ಟಿಗೆ ತಡವಾಗಿ ಬೆಳಕಿಗೆ ಬರುವುದು ಈ ಕಾರಣದಿಂದಲೇ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಇಂತಹವರ ಸಂಖ್ಯೆ ಸುಮಾರು 15 ಲಕ್ಷ. ಇತರರಿಗೆ ಹೋಲಿಸಿದರೆ ಇವರಲ್ಲಿ ಒಸಡಿನ ರೋಗ ಹಾಗೂ ಚಿಕಿತ್ಸೆ ದೊರೆಯದ ಹುಳುಕು ಹಲ್ಲುಗಳು ಹೆಚ್ಚು.

ಕಾರಣಗಳೇನು?

ಬ್ರಷ್ಷನ್ನು ಬಾಯಿಯೊಳಗೆ ಎಲ್ಲೆಡೆ ಆಡಿಸುವುದು ಸೂಕ್ಷ್ಮವಾದ ಕೌಶಲ. ಕೈಗಳ ಮೇಲೆ ಹಿಡಿತವಿಲ್ಲದವರಿಗೆ ಅದು ಸುಲಭವಲ್ಲ. ಕೆಲವರಿಗೆ ಪೇಸ್ಟಿನ ರುಚಿ, ನೊರೆ, ಬ್ರಷ್ಷಿನ ಸ್ಪರ್ಶವೇ ಅಸಹನೀಯ. ಔಷಧಗಳ ಪಾತ್ರವೂ ಇದೆ. ಮೂರ್ಛೆರೋಗಕ್ಕೆ ನೀಡುವ ಫೆನಿಟಾಯಿನ್ ಮಾತ್ರೆಯಿಂದ ಒಸಡು ಅತಿಯಾಗಿ ಬೆಳೆಯುವುದುಂಟು. ಸಕ್ಕರೆ ಬೆರೆತ ಸಿರಪ್‌ಗಳು ಹುಳುಕಿಗೆ ದಾರಿ ಮಾಡುತ್ತವೆ. ಬಾಯಿ ಒಣಗಿಸುವ ಔಷಧಗಳೂ ಅಷ್ಟೇ.

ಡೌನ್ ಸಿಂಡ್ರೋಮ್ ಇರುವವರಲ್ಲಿ ಒಸಡಿನ ರೋಗ ಚಿಕ್ಕ ವಯಸ್ಸಿನಲ್ಲೇ ಕಾಣಿಸಿಕೊಂಡು ವೇಗವಾಗಿ ಹರಡುತ್ತದೆ. ಇವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಜನ್ಮಜಾತ ಹೃದಯ ದೋಷವೂ ಇರುತ್ತದೆ. ಬಾಯಿಯ ಬ್ಯಾಕ್ಟೀರಿಯಾಗಳು ರಕ್ತವನ್ನು ಸೇರಿದರೆ ಹೃದಯದ ಒಳಪದರಕ್ಕೆ ಸೋಂಕು ತಗಲುವ ಅಪಾಯವಿದೆ. ಆದ್ದರಿಂದ ಹೃದಯದ ತೊಂದರೆಯನ್ನು ದಂತವೈದ್ಯರಿಗೆ ಮೊದಲೇ ತಿಳಿಸುವುದು ಅಗತ್ಯ.

ಹಲ್ಲುಜ್ಜಿಸುವ ಬಗೆ

ಹಲ್ಲುಜ್ಜುವುದು ಬಚ್ಚಲಿನಲ್ಲೇ ಆಗಬೇಕೆಂಬ ನಿಯಮವಿಲ್ಲ. ಬೆಳಕು ಚೆನ್ನಾಗಿರುವ ಯಾವುದೇ ಸ್ಥಳ ಸಾಕು. ವ್ಯಕ್ತಿಯನ್ನು ಕುರ್ಚಿಯಲ್ಲಿ ಕೂರಿಸಿ, ಆರೈಕೆ ಮಾಡುವವರು ಹಿಂದೆ ನಿಂತು, ತಲೆಯನ್ನು ತಮ್ಮ ದೇಹಕ್ಕೆ ಒರಗಿಸಿಕೊಂಡು ಉಜ್ಜಿಸಬಹುದು. ಎದುರಿಗೆ ಕನ್ನಡಿ ಇದ್ದರೆ ಇನ್ನೂ ಒಳ್ಳೆಯದು. ಬಲವಂತವಾಗಿ ಬಾಯಿ ತೆರೆಸುವುದು, ಹಲ್ಲುಗಳ ನಡುವೆ ಬೆರಳಿಡುವುದು ಸಲ್ಲದು.

ಸ್ವತಃ ಉಜ್ಜಿಕೊಳ್ಳಲು ಯತ್ನಿಸುವವರಿಗೆ ಬ್ರಷ್ಷಿನ ಹಿಡಿ ದಪ್ಪಗಿರಬೇಕು. ಸೈಕಲ್ ಹ್ಯಾಂಡಲಿನ ರಬ್ಬರ್ ಹಿಡಿಯನ್ನೋ, ರಂಧ್ರ ಕೊರೆದ ಚೆಂಡನ್ನೋ ತೊಡಿಸಿದರೆ ಹಿಡಿತ ಸಿಗುತ್ತದೆ. ಕೆಲಸವನ್ನು ಸಣ್ಣ ಹಂತಗಳಾಗಿ ಒಡೆದು, ಒಂದು ಹಂತ ರೂಢಿಯಾದ ಬಳಿಕವೇ ಮುಂದಿನದನ್ನು ಕಲಿಸಬೇಕು. ಪ್ರತಿದಿನ ಅದೇ ಸಮಯ, ಅದೇ ಸ್ಥಳ, ಅದೇ ಕ್ರಮ ಇರಲಿ. ಮೊದಲ ವಾರ ಬ್ರಷ್ಷು ತುಟಿಗೆ ತಾಗಿದರೂ ಅದು ಪ್ರಗತಿಯೇ.

ದಿನಕ್ಕೆ ಎರಡು ಬಾರಿ, ಎರಡು ನಿಮಿಷ, ಮೃದು ಎಳೆಗಳ ಬ್ರಷ್ ಹಾಗೂ ಫ್ಲೋರೈಡ್ ಪೇಸ್ಟ್ ಎಂಬ ಸಾಮಾನ್ಯ ನಿಯಮ ಇವರಿಗೂ ಅನ್ವಯಿಸುತ್ತದೆ. ಮೂರು ವರ್ಷದೊಳಗಿನ ಮಕ್ಕಳಿಗೆ ಅಕ್ಕಿಕಾಳಿನಷ್ಟು, ನಂತರ ಬಟಾಣಿಯಷ್ಟು ಪೇಸ್ಟ್ ಸಾಕು. ಉಗುಳಲು ಬಾರದವರು ಪೇಸ್ಟ್ ನುಂಗುವುದರಿಂದ ಈ ಅಳತೆಯನ್ನು ಮೀರಬಾರದು. ಪಾವಗಡದಂತಹ, ಅಂತರ್ಜಲದಲ್ಲಿ ಫ್ಲೋರೈಡ್ ಅಧಿಕವಿರುವ ಪ್ರದೇಶಗಳಲ್ಲಿ ಮಕ್ಕಳಿಗೆ ಯಾವ ಪೇಸ್ಟ್ ಬಳಸಬೇಕೆಂದು ವೈದ್ಯರನ್ನು ಕೇಳುವುದು ಒಳಿತು. ನುಂಗುವ ತೊಂದರೆ ಇರುವವರನ್ನು ಮಲಗಿಸಿ ಉಜ್ಜಿಸಬಾರದು.

ವೈದ್ಯರ ಬಳಿಗೆ

ನೋವು ಬಂದ ದಿನವೇ ಮೊದಲ ಭೇಟಿಯಾದರೆ ಆಸ್ಪತ್ರೆಯೆಂದರೆ ಭಯ ಉಳಿದುಬಿಡುತ್ತದೆ. ಮೊದಲ ಸಲ ಕುರ್ಚಿಯಲ್ಲಿ ಕುಳಿತು ಬಂದರೆ ಸಾಕು. ಉಪಕರಣವನ್ನು ಹೆಸರಿಸಿ, ತೋರಿಸಿ, ನಂತರ ಬಳಸುವ ವಿಧಾನ ಮಕ್ಕಳ ದಂತವೈದ್ಯರಿಗೆ ಪರಿಚಿತ. ಸಹಕರಿಸಲು ಸಾಧ್ಯವೇ ಇಲ್ಲದವರಿಗೆ ಅರಿವಳಿಕೆ ನೀಡಿ ಚಿಕಿತ್ಸೆ ಮಾಡಬೇಕಾಗುತ್ತದೆ. ಅದಕ್ಕೆ ಸುಸಜ್ಜಿತ ಆಸ್ಪತ್ರೆಯೇ ಬೇಕು, ವೆಚ್ಚವೂ ಹೆಚ್ಚು.

ಅಂಗವಿಕಲರ ಹಕ್ಕುಗಳ ಕಾಯ್ದೆ, 2016 ಚಿಕಿತ್ಸೆಯಲ್ಲಿ ಆದ್ಯತೆ ನೀಡಬೇಕೆಂದು ಹೇಳುತ್ತದೆ. ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ಆರೋಗ್ಯ ವಿಮೆಯು ಗರಿಷ್ಠ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಒದಗಿಸುತ್ತದೆ. ಆದರೆ ಕಾಯ್ದೆಯಾಗಲಿ ವಿಮೆಯಾಗಲಿ ಬೆಳಗು-ರಾತ್ರಿಯ ಎರಡು ನಿಮಿಷಗಳಿಗೆ ಬದಲಿಯಾಗಲಾರವು. ವಾರಕ್ಕೊಮ್ಮೆ ತುಟಿಯನ್ನು ಮೆಲ್ಲಗೆ ಸರಿಸಿ ನೋಡಿ, ಒಸಡು ಕೆಂಪಾಗಿದ್ದರೆ ಅಥವಾ ರಕ್ತ ಜಿನುಗುತ್ತಿದ್ದರೆ, ಅವರು ಹೇಳಲಾರದ ಮಾತನ್ನು ಮನೆಯವರೇ ವೈದ್ಯರಿಗೆ ತಲುಪಿಸಬೇಕು.