ದಿಣ್ಣೆ ಹತ್ತಿದ ಕಾವೇರಿ

ಬೆಂಗಳೂರು ಯಾವ ದೊಡ್ಡ ನದಿಯ ದಡದಲ್ಲಿಯೂ ಇಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ದಿಣ್ಣೆಯ ಮೇಲೆ ನೆಲೆಸಿದ ಈ ಊರನ್ನು ಶತಮಾನಗಳ ಕಾಲ ಸಲಹಿದವು ಕೆರೆ-ಬಾವಿಗಳು. 1896ರಲ್ಲಿ ಅರ್ಕಾವತಿಯ ನೀರು ಹೆಸರಘಟ್ಟದಿಂದ ಕೊಳವೆಗಳಲ್ಲಿ ಬಂದಿತು. ಅದು ಸಾಲದೆ 1933ರಲ್ಲಿ ಅದೇ ನದಿಗೆ ತಿಪ್ಪಗೊಂಡನಹಳ್ಳಿಯಲ್ಲಿ ಅಣೆಕಟ್ಟೆ ಎದ್ದಿತು. ಅದೂ ಸಾಲದೆ 1974ರಲ್ಲಿ ಕಾವೇರಿಯನ್ನೇ ಬರಮಾಡಿಕೊಳ್ಳಬೇಕಾಯಿತು.

ಕಾವೇರಿಯೇನೋ ಬಂದಳು, ಆದರೆ ತಾನಾಗಿ ಹರಿದು ಬರಲಿಲ್ಲ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳ ಪಂಪುಗಳು ಆಕೆಯನ್ನು ಮೂರು ಹಂತಗಳಲ್ಲಿ ಮೇಲೆತ್ತಿ, ಸುಮಾರು 100 ಕಿಲೋಮೀಟರು ದಾಟಿಸುತ್ತವೆ. ನಮ್ಮ ನಲ್ಲಿಯಿಂದ ತುಂಬುವ ಒಂದೊಂದು ಕೊಡದಲ್ಲಿಯೂ ವಿದ್ಯುಚ್ಛಕ್ತಿಯ ಬೆಲೆ ಅಡಗಿದೆ.

2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಹೊರಬಡಾವಣೆಗಳ ಸಂಸಾರಗಳು ಟ್ಯಾಂಕರಿನ ಹಾದಿ ಕಾಯಬೇಕಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತವು ದಿನಕ್ಕೆ 77.5 ಕೋಟಿ ಲೀಟರು ನೀರು ಕೊಡುವ ಯೋಜನೆಯಾಗಿ ಕಾರ್ಯಾರಂಭ ಮಾಡಿತು. ಇದೂ ಸಾಲದಾದರೆ? ಕೈಚಾಚಲು ಸಮೀಪದಲ್ಲಿ ಇನ್ನೊಂದು ಕಾವೇರಿಯಿಲ್ಲ.

ಆದರೆ ನಮ್ಮ ತಾರಸಿಯಿದೆ. 100 ಚದರ ಮೀಟರಿನ ತಾರಸಿಯ ಮೇಲೆ 1 ಮಿಲಿಮೀಟರು ಮಳೆ ಬಿದ್ದರೆ 100 ಲೀಟರು ನೀರು. ಬೆಂಗಳೂರಿನ ಸರಾಸರಿ ವಾರ್ಷಿಕ ಮಳೆ 900 ಮಿಲಿಮೀಟರಿಗೂ ಅಧಿಕ. ಎಂದರೆ ಒಂದೇ ಮನೆಯ ಮೇಲೆ ವರ್ಷಕ್ಕೆ 90,000 ಲೀಟರು! ನಿಗದಿತ ಅಳತೆಯ ನಿವೇಶನಗಳಲ್ಲಿ ಮಳೆನೀರಿನ ಸಂಗ್ರಹವನ್ನು ಕಾನೂನು 2009ರಲ್ಲಿಯೇ ಕಡ್ಡಾಯಗೊಳಿಸಿತು.

ದೂರದ ನೀರನ್ನು ಹಣ ಸುರಿದು ಕರೆತಂದು, ಮನೆಬಾಗಿಲಿಗೆ ಬಂದ ನೀರನ್ನು ಚರಂಡಿಗೆ ಕಳುಹಿಸುವುದು ಯಾವ ಗೃಹಸ್ಥನಿಗೆ ಭೂಷಣ?