ಹಿಕ್ಕೆ ಎಣಿಸೋರಿಗೆ ಬಸ್ ಚಾರ್ಜ್ ಕೊಡೋರ್ಯಾರು?

‘ಸಾರ್, ನೋಡ್ಕಂಡು ಕಾಲಿಡಿ’ ಎಂದ ಕಾಲೇಜು ಹುಡುಗ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹುಲ್ಲುಗಾವಲಿನಲ್ಲಿ ನನ್ನ ಕಾಲ ಬಳಿ ಇದ್ದದ್ದು ಮೊರದಗಲದ ಹಿಕ್ಕೆ ರಾಶಿ. ಮೇಲಿನವು ಕರ್ರಗೆ ಮಿರುಗುತ್ತಿದ್ದವು, ಅಡಿಯವು ಬಿಸಿಲಿಗೆ ಬಿಳಿಚಿಕೊಂಡು ಪುಡಿಯಾಗಿದ್ದವು. ಗಂಡು ಕೃಷ್ಣಮೃಗ ಮತ್ತೆ ಮತ್ತೆ ಅದೇ ಜಾಗಕ್ಕೆ ಬಂದು ಹಿಕ್ಕೆ ಹಾಕಿ ತನ್ನ ಸರಹದ್ದು ಸಾರುತ್ತದೆ. ಸಾಲದ್ದಕ್ಕೆ ಕಣ್ಣಿನ ಪಕ್ಕದ ಗ್ರಂಥಿಯ ಅಂಟನ್ನು ಕಡ್ಡಿಗಳಿಗೆ ಒರೆಸುತ್ತದೆ. ನಮ್ಮ ಸರ್ವೆ ಕಲ್ಲುಗಳಿಗಿಂತ ಇದೇ ವಾಸಿ, ಯಾರೂ ರಾತ್ರೋರಾತ್ರಿ ಕಿತ್ತು ಆಚೆ ನೆಡುವುದಿಲ್ಲ! ಹವ್ಯಾಸಕ್ಕೆ ಹಿಕ್ಕೆ ಎಣಿಸಲು ಬಂದಿದ್ದ ಹುಡುಗರು ಪ್ರತಿ ರಾಶಿಯನ್ನೂ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಅವರ ಹಿಂದೆ ಸುತ್ತುತ್ತಾ ನಾನು ಜಿಂಕೆ ನೋಡುವುದನ್ನೇ ಮರೆತಿದ್ದೆ.

798 ಎಕರೆಯ ಈ ಬಯಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಆಯಿತು. ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆ ಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನು 1999ರಲ್ಲಿ ಹೊರಜಗತ್ತಿಗೆ ತೋರಿಸಿದ್ದು ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್. ಅದೂ ಹವ್ಯಾಸಿಗಳ ಕೂಟವೇ. ಬುಕ್ಕಾಪಟ್ಟಣದ ಚಿಂಕಾರ ಧಾಮ ಬಂದದ್ದು 2019ರಲ್ಲಿ.

ಇಷ್ಟಾದರೂ ಈ ಹುಡುಗರ ಬಸ್ ಚಾರ್ಜ್ ಅವರ ಜೇಬಿನಿಂದಲೇ. ದಾನಿಗಳಿಲ್ಲವೆಂದಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು, ಪರಿಸರವೂ ಆ ಪಟ್ಟಿಯಲ್ಲಿದೆ. ಆದರೆ ನಾನು ಕಂಡಂತೆ ದಾನದ ದುಡ್ಡಿಗೆ ಸಸಿ ಎಂದರೆ ಪ್ರಾಣ: ಗುಂಡಿ, ಬ್ಯಾನರು, ಫೋಟೊ. ಬಯಲು ಬೇಕಾದ ಕೃಷ್ಣಮೃಗಕ್ಕೆ ಸಸಿ ನೆಟ್ಟರೆ ಉಪಕಾರವಲ್ಲ, ಒತ್ತುವರಿ. ಮೈದನಹಳ್ಳಿಯ ಮಗ್ಗುಲಲ್ಲೇ ನೀಲಗಿರಿ ತೋಪು ನಿಂತಿದೆ. ಹುಲ್ಲನ್ನು ಹುಲ್ಲಾಗಿಯೇ ಬಿಡುವ ಕೆಲಸಕ್ಕೆ ಫಲಕ ಹಾಕಿಸುವುದಾದರೂ ಎಲ್ಲಿ?

ಎನ್ಎಸ್ಎಸ್ ಇದೆಯಲ್ಲ ಎನ್ನಬಹುದು. ವರ್ಷಕ್ಕೆ 120 ಗಂಟೆ ಸೇವೆ, ಸರ್ಟಿಫಿಕೇಟು. ಡಿಗ್ರಿ ಮುಗಿದ ಮೇಲೆ? ಅಮೆರಿಕದಲ್ಲಿ 1933ರಲ್ಲಿ ಸರ್ಕಾರ ಕಟ್ಟಿದ ಯುವ ಸಂರಕ್ಷಣಾ ದಳದಲ್ಲಿ ತಿಂಗಳಿಗೆ 30 ಡಾಲರ್ ಸಂಬಳವಿತ್ತು, ಬಹುಪಾಲು ಮನೆಗೇ ಹೋಗುತ್ತಿತ್ತು. ಕೊರಟಗೆರೆ, ಪಾವಗಡದ ಮನೆಗಳೂ ಮೊದಲು ಕೇಳುವುದು ಸಂಬಳವನ್ನೇ. ಬೇಸಿಗೆಯಲ್ಲಿ ಬೆಂಕಿ ಕಾಯಲು, ಕೆರೆ ಹಕ್ಕಿ ಎಣಿಸಲು ದಾನದ ದುಡ್ಡಿನಲ್ಲಿ ತಾಲ್ಲೂಕಿಗೆ ಹತ್ತು ಜನರನ್ನು ಸಂಬಳಕ್ಕೆ ಇಟ್ಟುಕೊಳ್ಳಲಿ. ದಾನಿಗಳಿಗೆ ಫೋಟೊ ಬೇಕೇ ಬೇಕೆಂದರೆ ಹಿಕ್ಕೆ ರಾಶಿಯ ಪಕ್ಕ ನಿಂತು ತೆಗೆಸಿಕೊಳ್ಳಲಿ, ನನ್ನ ಅಭ್ಯಂತರವಿಲ್ಲ.