ಕೊಟ್ಟಿಗೆಯಲ್ಲಿ ಕರಗುತ್ತಿರುವ ಕಾರುಗಳು

ಹೆಂಚು ಸರಿದ ಕೊಟ್ಟಿಗೆ. ಒಂದು ಮೂಲೆಯಲ್ಲಿ ಮುರಿದ ನೇಗಿಲು, ಇನ್ನೊಂದರಲ್ಲಿ ಒಣಹುಲ್ಲಿನ ಹೊರೆ. ನಡುವೆ, ಗೋಣಿತಾಟು ಹೊದ್ದು, ಗಾಳಿಯಿಳಿದ ನಾಲ್ಕು ಚಕ್ರಗಳ ಮೇಲೆ ಕುಸಿದು ಕುಳಿತ ಕಾರು. ತಾಟನ್ನು ಸರಿಸಿದರೆ ಎರಡು ದುಂಡನೆಯ ದೀಪಗಳು ಮಬ್ಬುಗಣ್ಣು ತೆರೆದು ನೋಡುತ್ತವೆ. ಒಂದು ಕಾಲದಲ್ಲಿ ಮನೆಯ ಯಜಮಾನರು ರುಮಾಲು ಸರಿಪಡಿಸಿಕೊಂಡು ಕೂರುತ್ತಿದ್ದ ಹಿಂದಿನ ಸೀಟಿನಲ್ಲಿ ಈಗ ಕೋಳಿಯೊಂದು ಕಾವಿಗೆ ಕುಳಿತಿದೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಹಳೆಯ ಮನೆತನಗಳಿಗೆ ಈ ನೋಟ ಹೊಸದಲ್ಲ. ಇಂಥ ಕಾರನ್ನು ಕೊಳ್ಳಲು ಬಂದವರು ಕೇಳುವ ಪ್ರಶ್ನೆಯೂ ಒಂದೇ, ದೊರೆಯುವ ಉತ್ತರವೂ ಒಂದೇ.

“ಮಾರುವಿರಾ?”

“ಉಂಟೆ! ಅದು ನಮ್ಮ ತಂದೆಯವರ ಕಾರು.”

“ಹಾಗಾದರೆ ರಿಪೇರಿ ಮಾಡಿಸುವಿರಾ?”

“ನೋಡೋಣ.”

ಈ ‘ನೋಡೋಣ’ ಎಂಬ ಮಾತಿಗೆ ಕೆಲವೊಮ್ಮೆ ಮೂವತ್ತು ವರ್ಷಗಳ ವಯಸ್ಸು. ಕಾರುಗಳು ಹಾಳಾಗುತ್ತಿರುವುದು ಯಾರದೋ ದ್ವೇಷದಿಂದಲ್ಲ. ಕೈಬಿಡಲಾರದ, ಕೈಹಿಡಿಯಲೂ ಆರದ ಮಮತೆಯಿಂದ.

ನೀರಿನ ಹಿಂದೆ ಬಂದ ಕಾರು

1911ರಲ್ಲಿ ಆರಂಭವಾದ ಕನ್ನಂಬಾಡಿಯ ಅಣೆಕಟ್ಟು ಈ ಸೀಮೆಯ ಹಣೆಬರಹವನ್ನೇ ತಿದ್ದಿತು. ನಾಲೆಯ ನೀರು ಹರಿದಲ್ಲಿ ಕಬ್ಬು ಬೆಳೆಯಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ತಲೆಯೆತ್ತಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಕಬ್ಬಿನ ಹಣ ಕೆಲವರ ಮನೆಗೆ ತೊಟ್ಟಿ ಕಟ್ಟಿಸಿತು, ಕೆಲವರ ಮಕ್ಕಳನ್ನು ಮೈಸೂರಿಗೆ ಓದಲು ಕಳುಹಿಸಿತು, ಬೆರಳೆಣಿಕೆಯ ಮನೆಗಳ ಮುಂದೆ ಕಾರನ್ನೂ ತಂದು ನಿಲ್ಲಿಸಿತು.

ಕಾರು ಅಂದು ಕೇವಲ ಷೋಕಿಯಾಗಿರಲಿಲ್ಲ. ಶ್ರೀರಂಗಪಟ್ಟಣಕ್ಕೂ, ಹಿಂದೆ ‘ಫ್ರೆಂಚ್ ರಾಕ್ಸ್’ ಎನಿಸಿಕೊಂಡಿದ್ದ ಪಾಂಡವಪುರಕ್ಕೂ ಬೆಂಗಳೂರು–ಮೈಸೂರು ರೈಲಿನ ಆಸರೆಯಿತ್ತು. ಕೃಷ್ಣರಾಜಪೇಟೆ, ನಾಗಮಂಗಲ ಪಟ್ಟಣಗಳಿಗೆ ಆ ಭಾಗ್ಯವಿರಲಿಲ್ಲ. ನಡುರಾತ್ರಿ ಹೆರಿಗೆಯ ನೋವು ಕಾಣಿಸಿಕೊಂಡರೆ ಊರಿನವರು ಬಂದು ತಟ್ಟುತ್ತಿದ್ದುದು ಕಾರಿನವರ ಮನೆಯ ಬಾಗಿಲನ್ನು. ಮದುವಣಿಗನ ಮೆರವಣಿಗೆಗೆ ಅದೇ ಕಾರು. ಮೇಲುಕೋಟೆಯ ವೈರಮುಡಿ ಉತ್ಸವಕ್ಕೆ ಹಿರಿಯರನ್ನು ಕರೆದೊಯ್ಯಲೂ ಅದೇ. ಒಡೆಯ ಒಬ್ಬನಾದರೂ ಕಾರು ಊರಿಗೆಲ್ಲ ಸೇರಿದ್ದು. ಆದ್ದರಿಂದಲೇ ಕೊಟ್ಟಿಗೆಯಲ್ಲಿ ಕರಗುತ್ತಿರುವುದು ಬರಿಯ ಕಬ್ಬಿಣವಲ್ಲ; ಊರೊಂದರ ನೆನಪು.

ಓಡುತ್ತಿದ್ದುದು ನಿಂತದ್ದೇಕೆ?

ಅಮೆರಿಕದ ಜನರಲ್ ಮೋಟಾರ್ಸ್ 1928ರಿಂದ ಮುಂಬಯಿಯಲ್ಲಿ ಕಾರುಗಳನ್ನು ಜೋಡಿಸುತ್ತಿತ್ತು. ಇಲ್ಲಿಯೇ ತಯಾರಿಸುವ ಯೋಜನೆಯಿಲ್ಲದೆ ಬರಿದೆ ಜೋಡಿಸುವ ಕಂಪೆನಿಗಳಿಗೆ ಸ್ವತಂತ್ರ ಭಾರತದಲ್ಲಿ ಎಡೆಯಿಲ್ಲವೆಂದು 1953ರಲ್ಲಿ ನಿರ್ಧಾರವಾದಾಗ ಅದೂ ಫೋರ್ಡ್ ಕಂಪೆನಿಯೂ ಬಾಗಿಲು ಮುಚ್ಚಿದವು. ಷೆವರ್ಲೆಯಂಥ ಗಾಡಿಗಳ ಬಿಡಿಭಾಗಗಳು ಅಂದಿನಿಂದ ದುರ್ಲಭವಾದವು. ಒಂದು ಗೇರು ಮುರಿದರೆ ಅಂಥ ಕಾರಿನ ಸಂಚಾರವೇ ಮುಗಿದಂತೆ.

ಅನಂತರದ ಕಾಲ ಸ್ವದೇಶಿ ಕಾರುಗಳದು. ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಮಾದರಿಯಾಗಿಟ್ಟುಕೊಂಡು ಹಿಂದೂಸ್ತಾನ್ ಮೋಟಾರ್ಸ್ ತಂದ ಅಂಬಾಸಿಡರ್, ಮುಂಬಯಿಯ ಪ್ರೀಮಿಯರ್ ಕಂಪೆನಿಯ ಫಿಯೆಟ್, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಇವೇ ರಸ್ತೆಯ ರಾಜರು. ಹಣ ಕಟ್ಟಿ ವರ್ಷಗಟ್ಟಲೆ ಕಾದ ಮೇಲೆ ಕೈಸೇರುತ್ತಿದ್ದ ಕಾರನ್ನು ಮನೆಯ ಮಗನಂತೆ ಸಾಕುತ್ತಿದ್ದರು. 1983ರ ಡಿಸೆಂಬರಿನಲ್ಲಿ ಮಾರುತಿ ಬಂದ ಮೇಲೆ ಲೆಕ್ಕವೇ ಬದಲಾಯಿತು. ಕಡಿಮೆ ಪೆಟ್ರೋಲು ಕುಡಿಯುವ ಹಗುರವಾದ ಹೊಸ ಕಾರು ಅಂಗಳಕ್ಕೆ ಬಂತು; ಹಳೆಯದು ಹಿತ್ತಿಲಿಗೆ ಸರಿಯಿತು. ಅಂಬಾಸಿಡರ್ ತಯಾರಿಕೆಯೂ 2014ರಲ್ಲಿ ನಿಂತುಹೋಯಿತು.

ಇನ್ನು ಕೆಲವು ಕಾರುಗಳನ್ನು ನಿಲ್ಲಿಸಿದ್ದು ಯಂತ್ರದೋಷವಲ್ಲ, ಪಾಲುಪಾರಿಕತ್ತು. ಗದ್ದೆಯನ್ನು ಗುಂಟೆಗಳಾಗಿ ಹಂಚಬಹುದು, ಕಾರನ್ನು ಹಂಚುವುದು ಹೇಗೆ? ಅಣ್ಣ ಮಾರೋಣವೆಂದರೆ ತಮ್ಮ ಒಲ್ಲ. ತಮ್ಮ ರಿಪೇರಿ ಮಾಡಿಸೋಣವೆಂದರೆ ಅಣ್ಣ ಹಣ ಕೊಡ. ಆರ್.ಸಿ. ಪುಸ್ತಕದಲ್ಲಿ ಮಾತ್ರ ತೀರಿಹೋದ ಅಜ್ಜನ ಹೆಸರು ಹಾಗೆಯೇ ಉಳಿದಿರುತ್ತದೆ. ಆ ಪುಸ್ತಕವನ್ನೂ ಎಷ್ಟೋ ಮನೆಗಳಲ್ಲಿ ಗೆದ್ದಲು ತಿಂದಿರುತ್ತದೆ.

ತುಕ್ಕಿನ ಕೆಲಸ

ಕಬ್ಬಿಣ ತುಕ್ಕು ಹಿಡಿಯಲು ಬೇಕಾದದ್ದು ಎರಡೇ: ಗಾಳಿಯಲ್ಲಿರುವ ಆಮ್ಲಜನಕ ಮತ್ತು ತೇವ. ಅಲ್ಯೂಮಿನಿಯಮ್ಮಿನ ಮೇಲೆ ಹುಟ್ಟುವ ಪೊರೆ ಬಿಗಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕಿಗೆ ಆ ಗುಣವಿಲ್ಲ. ಅದು ಉಬ್ಬಿ, ಹಕ್ಕಳೆಯಾಗಿ ಉದುರಿ, ಒಳಗಿನ ಲೋಹವನ್ನು ಮತ್ತೆ ಗಾಳಿಗೆ ಒಡ್ಡುತ್ತದೆ. ನಾಲೆಯ ಬಯಲಿನ ತೇವದ ಮಣ್ಣುನೆಲದಲ್ಲಿ ಈ ಕೆಲಸ ಬೇಗ ಸಾಗುತ್ತದೆ. ದನದ ಗಂಜಲದಲ್ಲಿರುವ ಲವಣಗಳು ಅದನ್ನು ಇನ್ನಷ್ಟು ಚುರುಕುಗೊಳಿಸುತ್ತವೆ. ಕಾರಿಗೆ ಕೊಟ್ಟಿಗೆಗಿಂತ ಕೆಟ್ಟ ಮನೆಯಿಲ್ಲ.

ಅಂಬಾಸಿಡರಿಗೆ ಪ್ರತ್ಯೇಕವಾದ ಚಾಸಿ ಇಲ್ಲ; ನೆಲವೂ ಒಡಲೂ ಕೂಡಿ ಒಂದೇ ಚೌಕಟ್ಟು. ನೆಲ ತುಕ್ಕಿಗೆ ಆಹುತಿಯಾದರೆ ಬೆನ್ನೆಲುಬೇ ಮುರಿದಂತೆ. ಇತ್ತ ತೊಟ್ಟಿಯಲ್ಲಿ ಉಳಿದ ಪೆಟ್ರೋಲು ಅಂಟಾಗಿ ಕಾರ್ಬ್ಯುರೇಟರನ್ನು ಕಟ್ಟುತ್ತದೆ. ಬ್ರೇಕಿನ ದ್ರವ ತೇವವನ್ನು ಹೀರಿ ಚಕ್ರಗಳನ್ನು ಹಿಡಿದು ನಿಲ್ಲಿಸುತ್ತದೆ. ಎಂಜಿನ್ನಿನ ಪಿಸ್ಟನ್ನುಗಳು ಸಿಲಿಂಡರಿಗೆ ಕಚ್ಚಿಕೊಳ್ಳುತ್ತವೆ. ತಂತಿಗಳ ಹೊದಿಕೆ ಇಲಿಗಳ ಪಾಲು.

ಕಡೆಗೊಂದು ದಿನ ಗುಜರಿಯವನು ಬರುತ್ತಾನೆ. ಒಂದು ಟನ್ನಿಗಿಂತ ತುಸು ಹೆಚ್ಚು ತೂಗುತ್ತಿದ್ದ ಕಾರು ಗ್ಯಾಸಿನ ಜ್ವಾಲೆಗೆ ತುಂಡುತುಂಡಾಗಿ, ಕಿಲೋ ಲೆಕ್ಕದಲ್ಲಿ ಲಾರಿಯೇರುತ್ತದೆ. ಮಾರಲೊಲ್ಲೆವೆಂದು ಹಟ ಹಿಡಿದಿದ್ದ ತಂದೆಯವರ ಕಾರಿಗೆ ಆಗ ಬರುವುದು ಹಳೆಯ ಕಬ್ಬಿಣದ ಬೆಲೆ.

ಹತ್ತಿರದಲ್ಲಿಯೇ ಇರುವ ಉತ್ತರ

ಕೈಮೀರದ ಕಾರು ಮತ್ತೆ ಏಳಬಲ್ಲುದು ಎನ್ನುವುದಕ್ಕೆ ಸಾಕ್ಷಿ ಇದೇ ನೆಲದಲ್ಲಿದೆ. ಶ್ರೀರಂಗಪಟ್ಟಣದ ಸಮೀಪ, ಮೈಸೂರು–ಬೆಂಗಳೂರು ಹೆದ್ದಾರಿಯ ಬದಿಯಲ್ಲಿ ‘ಪಯಣ’ ಎಂಬ ಕಾರುಗಳ ವಸ್ತುಸಂಗ್ರಹಾಲಯವಿದೆ. ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಬಹುಕಾಲದಿಂದ ಸಂಗ್ರಹಿಸಿದ ಹಳೆಯ ವಾಹನಗಳು ಅಲ್ಲಿ ಮೈತೊಳೆದು, ಬಣ್ಣ ತೊಟ್ಟು, ಸಾಲಾಗಿ ನಿಂತಿವೆ. ಹತ್ತಾರು ಮೈಲಿಗಳ ಆಚೆ ಕೊಟ್ಟಿಗೆಯಲ್ಲಿ ಕುಸಿದಿರುವ ಗಾಡಿಗೂ ಇವಕ್ಕೂ ಇರುವ ಅಂತರ ಹುಟ್ಟಿನದಲ್ಲ, ಆರೈಕೆಯದು.

ಕಾನೂನೂ ದಾರಿಯೊಂದನ್ನು ತೆರೆದಿದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಮಾಡಿದ ತಿದ್ದುಪಡಿಯಂತೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲರೂಪ ಕೆಡದ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ. ಅವಧಿ 10 ವರ್ಷ. ಅಂಥ ಕಾರನ್ನು ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ದುರಸ್ತಿಗೆ ರಸ್ತೆಗಿಳಿಸಬಹುದು. ಇದಕ್ಕೆ ಹಳೆಯ ದಾಖಲೆ ಬೇಕು. ಆದ್ದರಿಂದ ಕಾರಿಗಿಂತ ಮೊದಲು ಹುಡುಕಬೇಕಾದದ್ದು ಪೆಟ್ಟಿಗೆಯ ತಳದಲ್ಲಿರುವ ಆ ಆರ್.ಸಿ. ಪುಸ್ತಕವನ್ನು.

ದುರಸ್ತಿಗೆ ಇಂದೇ ಹಣವಿಲ್ಲದವರೂ ಕಾರನ್ನು ಕಾಯ್ದಿಡಬಹುದು. ಅದನ್ನು ಒಣ ನೆಲಕ್ಕೆ ಸರಿಸಿ ಮರದ ದಿಮ್ಮಿಗಳ ಮೇಲೆ ಎತ್ತಿ ನಿಲ್ಲಿಸಬೇಕು. ಪೆಟ್ರೋಲನ್ನು ಬಸಿದು ಬ್ಯಾಟರಿಯನ್ನು ಕಳಚಬೇಕು. ಪ್ಲಗ್ಗುಗಳನ್ನು ಬಿಚ್ಚಿ ಸಿಲಿಂಡರುಗಳಿಗೆ ಸ್ವಲ್ಪ ಎಣ್ಣೆ ಹನಿಸಿ, ಆಗಾಗ ಎಂಜಿನ್ನನ್ನು ಕೈಯಿಂದ ತಿರುಗಿಸಬೇಕು. ತೇವವನ್ನು ಒಳಗೇ ಕೂಡಿಹಾಕುವ ಪ್ಲಾಸ್ಟಿಕ್ ಹಾಳೆಗಿಂತ ಗಾಳಿಯಾಡುವ ಬಟ್ಟೆಯ ಹೊದಿಕೆ ಲೇಸು. ಇದೂ ಆಗದವರು ಆಗಬಲ್ಲವರ ಕೈಗೆ ಒಪ್ಪಿಸುವುದು ತಂದೆಗೆ ಮಾಡುವ ದ್ರೋಹವಲ್ಲ. ತಡಮಾಡಲು ಕಾಲವೂ ಇಲ್ಲ. ಶಬ್ದ ಕೇಳಿಯೇ ಎಂಜಿನ್ನಿನ ರೋಗ ಹೇಳಬಲ್ಲ ಹಳೆಯ ಮೇಸ್ತ್ರಿಗಳು ವರ್ಷದಿಂದ ವರ್ಷಕ್ಕೆ ವಿರಳವಾಗುತ್ತಿದ್ದಾರೆ.

ನಾಗಮಂಗಲ ಹಿಂದಿನಿಂದಲೂ ಲೋಹದ ಕುಶಲಿಗರಿಗೆ ಹೆಸರಾದ ಊರು. ಅಲ್ಲಿ ರೂಪುಗೊಂಡ ಹಿತ್ತಾಳೆ ತಲೆಮಾರುಗಳು ಕಳೆದರೂ ಹೊಳೆಯುವುದು, ಮನೆಯ ಹೆಂಗಸರು ಹಬ್ಬಹಬ್ಬಕ್ಕೂ ಹುಣಿಸೆಹಣ್ಣು ಹಚ್ಚಿ ಬೆಳಗುವುದರಿಂದ. ಲೋಹಕ್ಕೆ ಬೇಕಾದದ್ದು ಪೂಜೆಯಲ್ಲ, ಕೈ.

ಪೂಜೆಗೇನೂ ಕೊರತೆಯಿಲ್ಲ. ಆಯುಧಪೂಜೆಯ ದಿನ ಕೊಟ್ಟಿಗೆಯ ಬಾಗಿಲು ತೆರೆಯುತ್ತದೆ. ತುಕ್ಕು ಹಿಡಿದ ಬಾನೆಟ್ಟಿನ ಮೇಲೆ ಕುಂಕುಮವಿಟ್ಟು, ಸೇವಂತಿಗೆಯ ಹಾರ ಹಾಕಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಡುತ್ತಾರೆ. ಅಂಗಳದ ಹೊಸ ಕಾರು ತನ್ನ ನಿಂಬೆಹಣ್ಣನ್ನು ಹಿಸುಕಿ ಮುಂದೆ ಸಾಗುತ್ತದೆ. ಕೊಟ್ಟಿಗೆಯ ಕಾರಿನ ನಿಂಬೆಹಣ್ಣು ಇಟ್ಟಲ್ಲಿಯೇ ಉಳಿದು, ಒಣಗುತ್ತದೆ.